ಅಳಿಸಿದ ಸಾಲುಗಳನ್ನು ಓದುವವರು

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಅಡುಗೆಮನೆಯ ಮೇಜಿನ ಮೇಲೆ ಒಂದು ಲ್ಯಾಪ್‌ಟಾಪ್, ಪಕ್ಕದಲ್ಲಿ ಅಂಗೈಯಗಲದ ಹಸಿರು ಸರ್ಕ್ಯೂಟ್ ಬೋರ್ಡು. ಬೋರ್ಡಿನ ಮೇಲೆ ಹೇರ್ ಡ್ರೈಯರ್ ಬಿಸಿಗಾಳಿ ಊದುತ್ತಿದೆ. ಅದನ್ನು ಹಿಡಿದವರ ಕೂದಲು ಮಾತ್ರ ಒದ್ದೆಯಾಗಿಯೇ ಇದೆ, ಟವೆಲಿನಲ್ಲಿ ಸುತ್ತಿಕೊಂಡಿದ್ದಾರೆ. ಪರದೆಯ ಮೇಲೆ ಅಂಕಿಗಳು ಒಂದೊಂದಾಗಿ ಏರುತ್ತಿವೆ. ಎಪ್ಪತ್ತು ಡಿಗ್ರಿ ದಾಟಿದ ಕೂಡಲೇ ಬೋರ್ಡಿನ ಪುಟಾಣಿ ಫ್ಯಾನು ಜೋರಾಗಿ ತಿರುಗುತ್ತದೆ. ಇನ್ನಷ್ಟು ಕಾದಾಗ ಬೋರ್ಡಿನ ಚಿಪ್ ತಾನಾಗಿಯೇ ವೇಗ ತಗ್ಗಿಸಿಕೊಳ್ಳುತ್ತದೆ. ಎಲ್ಲವೂ ಆಗಬೇಕಾದ ಹಾಗೆಯೇ ಆಗುತ್ತಿದೆ.

ಅವರು ಡ್ರೈಯರ್ ಆರಿಸಿ ಏಳುತ್ತಾರೆ. ಕಿಟಕಿಯವರೆಗೆ ಹೋಗುತ್ತಾರೆ, ಬರುತ್ತಾರೆ, ಕೂರುತ್ತಾರೆ, ಮತ್ತೆ ಏಳುತ್ತಾರೆ. ಕಾಲು ಸುಟ್ಟ ಬೆಕ್ಕು ಅನ್ನುತ್ತಾರಲ್ಲ, ಹಾಗೆ. "ಎಲ್ಲಾ ಸರಿಯಾಗೇ ಇದೆ" ಎಂದು ತಮಗೆ ತಾವೇ ಹೇಳಿಕೊಳ್ಳುತ್ತಾರೆ. "ಅದೇ ನನಗೆ ಸರಿ ಬರ್ತಿಲ್ಲ."

ಕಂಪ್ಯೂಟರಿನ ಆಪರೇಟಿಂಗ್ ಸಿಸ್ಟಂ ಒಳಗೆ ತಾಪಮಾನ ನೋಡಿಕೊಳ್ಳುವ ಸಣ್ಣ ಸಣ್ಣ ಪ್ರೋಗ್ರಾಂಗಳಿರುತ್ತವೆ. ಡ್ರೈವರ್ ಎಂದು ಅವುಗಳ ಹೆಸರು. ಚಿಪ್ ಎಷ್ಟು ಬಿಸಿಯಾಗಿದೆ ಎಂದು ಸೆನ್ಸರನ್ನು ಕೇಳುವುದು, ಫ್ಯಾನು ಹಾಕುವುದು, ವೇಗ ಇಳಿಸುವುದು, ಯಾವುದಕ್ಕೂ ಬಗ್ಗದಿದ್ದರೆ ಯಂತ್ರವನ್ನೇ ಬಂದ್ ಮಾಡಿ ಸುಟ್ಟುಹೋಗದಂತೆ ಉಳಿಸುವುದು ಇವುಗಳ ಕೆಲಸ. ಈ ಆಪರೇಟಿಂಗ್ ಸಿಸ್ಟಂ ಯಾವ ಒಂದು ಕಂಪನಿಯ ಸೊತ್ತೂ ಅಲ್ಲ. ಯಾರು ಬೇಕಾದರೂ ತಿದ್ದುಪಡಿ ಬರೆದು ಕಳಿಸಬಹುದು. ಅದಕ್ಕೆ ಪ್ಯಾಚ್ ಎನ್ನುತ್ತಾರೆ. ಕಳಿಸಿದ್ದನ್ನು ಬೇರೊಬ್ಬರು ಸಾಲುಸಾಲಾಗಿ ಓದಿ, ನೋಡಿದ್ದೇನೆ, ಸರಿಯಿದೆ ಎಂದು ತಮ್ಮ ಹೆಸರು ಹಾಕಬೇಕು. ಆ ಬೇರೊಬ್ಬರು ಇವರು. ಪ್ರಪಂಚದ ಮೂಲೆಮೂಲೆಯಲ್ಲಿ ಕುಳಿತು ಈ ಕೆಲಸ ಮಾಡುವ ಬಳಗದಲ್ಲಿ ಎಲ್ಲರೂ ಇವರನ್ನು ಕರೆಯುವುದು ಅನುಮಾನದಕ್ಕ ಎಂದು.

"ಮೊದಮೊದಲು ಬೇಜಾರಾಗ್ತಿತ್ತು. ಈಗ ಯಾರಾದ್ರೂ ಹೆಸರು ಹಿಡಿದು ಕರೆದ್ರೇನೇ, ಏನಪ್ಪಾ ಆಯ್ತು ಅಂತ ಗಾಬರಿ ಆಗುತ್ತೆ" ಎಂದು ನಗುತ್ತಾರೆ. ನಗುತ್ತಿರುವಾಗಲೂ ಕೈ ಸುಮ್ಮನಿರುವುದಿಲ್ಲ, ಬೋರ್ಡಿನ ವೈರನ್ನು ಬೆರಳಿಗೆ ಸುತ್ತುತ್ತದೆ, ಬಿಚ್ಚುತ್ತದೆ.

ಇವತ್ತಿನ ತಳಮಳಕ್ಕೆ ಕಾರಣ ಒಂದು ಸ್ವಚ್ಛತಾ ಕಾರ್ಯ. ಬಳಗದಲ್ಲಿ ಕಸಬರಿಗೆ ಎಂದೇ ಹೆಸರಾದ ಒಬ್ಬರಿದ್ದಾರೆ. ಒಂದೇ ಮಾತನ್ನು ಹತ್ತು ಕಡೆ ಬರೆದಿದ್ದರೆ ಅವರಿಗೆ ನಿದ್ದೆ ಹತ್ತುವುದಿಲ್ಲ, ಗುಡಿಸಿ ಒಂದು ಮಾಡಿಬಿಡುತ್ತಾರೆ. ತಾಪಮಾನದ ಡ್ರೈವರುಗಳು ಬೇರೆ ಬೇರೆ ಕಾಲದಲ್ಲಿ ಬೇರೆ ಬೇರೆಯವರ ಕೈಯಲ್ಲಿ ಬೆಳೆದವು. ಸೆನ್ಸರಿನಿಂದ ಅಂಕಿ ಓದಿಕೊಳ್ಳುವ ಭಾಗ ತಲೆಗೊಂದು ರೀತಿಯಲ್ಲಿತ್ತು. ಕಸಬರಿಗೆ ಅದನ್ನೆಲ್ಲ ಕಿತ್ತುಹಾಕಿ, ಎಲ್ಲ ಡ್ರೈವರುಗಳೂ ಹಂಚಿಕೊಳ್ಳುವಂಥ ಒಂದೇ ಚೊಕ್ಕ ತುಣುಕು ಬರೆದು ಕೂಡಿಸಿದ್ದಾರೆ. ನೂರಾರು ಸಾಲು ಹೋಗಿ ಬೆರಳೆಣಿಕೆಯ ಸಾಲು ಬಂದಿದೆ. ಓದಿದವರೆಲ್ಲ ಭೇಷ್ ಎಂದು ಹೆಸರು ಹಾಕಿಯಾಗಿದೆ. ಬಾಕಿ ಇರುವುದು ಅನುಮಾನದಕ್ಕನದೊಂದೇ. ಆ ಹೊಸ ಕೋಡನ್ನು ಬೋರ್ಡಿಗೆ ತುಂಬಿಯೇ ಅವರು ಇವತ್ತು ಕಾಯಿಸಿ ನೋಡುತ್ತಿರುವುದು.

ಎರಡು ಸಲ ಅವರು "ಸ್ವಲ್ಪ ತಡೆಯಿರಿ" ಎಂದು ಬರೆದಿದ್ದಾರೆ. ಯಾಕೆ ಎಂದು ಕೇಳಿದರೆ ಹೇಳಲು ಏನೂ ಇಲ್ಲ. ಕೊನೆಗೆ ಪ್ಯಾಚುಗಳನ್ನು ಒಳಗೆ ಸೇರಿಸುವ ಅಧಿಕಾರ ಇರುವವರು, ಬಳಗದ ಬಾಯಲ್ಲಿ ಯಜಮಾನರು, ನಿನ್ನೆ ಖಡಕ್ಕಾಗಿ ಬರೆದುಬಿಟ್ಟಿದ್ದಾರೆ: ಅನುಮಾನ ಅನ್ನುವುದು ಕಾರಣವಲ್ಲ. ನಾಳೆ ಸಂಜೆಯೊಳಗೆ ಕಾರಣ ಹೇಳಿ, ಇಲ್ಲವಾದರೆ ನಾನು ಸೇರಿಸಿಕೊಳ್ಳುತ್ತೇನೆ. ಇನ್ನು ಮುಂದೆ ಸ್ವಚ್ಛತೆಯ ಪ್ಯಾಚುಗಳು ನಿಮ್ಮ ಹೆಸರಿಗಾಗಿ ಕಾಯುವುದೂ ಇಲ್ಲ.

ಸಂಬಳವಿಲ್ಲದ ಕೆಲಸ ಇದು. ಹೋದರೆ ಹೋಯಿತು ಎನ್ನಬಹುದು. ಅನುಮಾನದಕ್ಕ ಹಾಗೆನ್ನುವುದಿಲ್ಲ. ಅವರಿಗೆ ನೋವಾಗಿದೆ, ಅದನ್ನು ಅವರು ಮುಚ್ಚಿಡುವುದೂ ಇಲ್ಲ. "ಈ ಒಂದು ಜಾಗದಲ್ಲಿ ನನ್ನ ಮಾತಿಗೆ ಬೆಲೆ ಇತ್ತು ರೀ. ಅದೂ ಹೋಯ್ತು ಅಂದ್ರೆ ನಾನು ಬರೀ ಅನುಮಾನದೋಳು ಅಷ್ಟೇ."

ಅಷ್ಟು ಹೊತ್ತಿಗೆ ಯಜಮಾನರ ಮಾತು ಬದಿಗಿರಲಿ, ಮನೆಯ ಯಜಮಾನಿತಿಯೇ ಅಡುಗೆಮನೆಗೆ ಬರುತ್ತಾರೆ. ಅನುಮಾನದಕ್ಕನ ಅತ್ತೆ. ಕೆಟಲ್ ಇಡಲು ಜಾಗವಿಲ್ಲದ ಹಾಗೆ ವೈರು ಹರಡಿರುವುದನ್ನು ನೋಡುತ್ತಾರೆ. ಸೊಸೆ ಏನು ಕೆಲಸ ಮಾಡುತ್ತಾಳೆ ಎಂದು ಕೇಳಿದರೆ ಅವರ ಹತ್ತಿರ ಉತ್ತರ ಸಿದ್ಧವಾಗಿದೆ. "ಮೊಸರಲ್ಲಿ ಕಲ್ಲು ಹುಡುಕ್ತಾಳೆ. ಬೇರೆಯವರು ಬರೆದಿದ್ರಲ್ಲಿ ತಪ್ಪು ಹುಡುಕೋದಂತೆ, ಅದೂ ಪುಕ್ಕಟೆ. ಆ ಕೆಲಸಾನ ಈ ಮನೇಲಿ ನಾನು ಎಷ್ಟು ವರ್ಷದಿಂದ ಮಾಡ್ತಿದೀನಿ, ನಂಗ್ಯಾರೂ ಕಂಪ್ಯೂಟರ್ ಕೊಡ್ಸಿಲ್ಲ."

ಪತಿ ಬಸ್ ಚಾಲಕರು, ಮೊದಲ ಪಾಳಿ. ಬೂಟು ಹಾಕಿಕೊಳ್ಳುತ್ತಾ ಅವರೂ ಒಂದು ಮಾತು ಸೇರಿಸುತ್ತಾರೆ. "ನನ್ನ ಇಂಜಿನ್ ಬಿಸಿಯಾದ್ರೆ ಮುಳ್ಳು ತೋರ್ಸುತ್ತೆ, ನಾನು ನಂಬ್ತೀನಿ, ಗಾಡಿ ನಿಲ್ಲಿಸ್ತೀನಿ. ಇವಳಿಗೆ ಆ ಮುಳ್ಳಿನ ಮೇಲೇ ಅನುಮಾನ. ಒಂದು ಕಡೆ ಕೂರು ಮಾರಾಯ್ತಿ, ನೆಲ ಸವೆದುಹೋಗುತ್ತೆ!"

ಕೂರುವುದು ಎಲ್ಲಿ? ಇನ್ನೊಂದು ಸಲ ಮೊದಲಿಂದ ಬೋರ್ಡನ್ನು ಕಾಯಿಸಿ ನೋಡಬೇಕು. ಅದಕ್ಕೆ ಬೋರ್ಡು ಪೂರ್ತಿ ತಣ್ಣಗಾಗಬೇಕು. ತಾನಾಗಿ ತಣ್ಣಗಾಗಲು ಬಿಟ್ಟರೆ ಹೊತ್ತು ಹಿಡಿಯುತ್ತದೆ, ಕಾಯುವುದು ಈ ಜೀವಕ್ಕೆ ಒಗ್ಗಿದ್ದಲ್ಲ. ಅನುಮಾನದಕ್ಕ ಬೋರ್ಡನ್ನು ಆರಿಸದೆ ಹಾಗೇ ಎತ್ತಿ, ಒಂದು ಪ್ಲಾಸ್ಟಿಕ್ ಚೀಲಕ್ಕೆ ಹಾಕಿ, ಫ್ರೀಜರಿನ ಬಾಗಿಲು ತೆಗೆದು, ಬಟಾಣಿ ಪೊಟ್ಟಣ ಮತ್ತು ಬ್ರೆಡ್ಡಿನ ನಡುವೆ ತುರುಕುತ್ತಾರೆ. ಚಪ್ಪಟೆ ವೈರು ಬಾಗಿಲ ಸಂದಿನಿಂದ ಹೊರಬಂದು ಲ್ಯಾಪ್‌ಟಾಪಿನವರೆಗೆ ಜೋತಾಡುತ್ತದೆ.

"ಅದೇನೇ ಅದು, ತಿನ್ನೋ ಪದಾರ್ಥದ ಪಕ್ಕ?" ಅತ್ತೆಯ ಧ್ವನಿ ಒಂದು ಮೆಟ್ಟಿಲು ಮೇಲೇರುತ್ತದೆ.

"ಎರಡೇ ನಿಮಿಷ ಅತ್ತೆ. ತಣ್ಣಗಾದ ತಕ್ಷಣ ತೆಗೀತೀನಿ."

ಎರಡು ನಿಮಿಷ ಎನ್ನುವುದು ಎಲ್ಲರ ಮನೆಯಲ್ಲೂ ಎಷ್ಟು ಹೊತ್ತು ಎಂದು ಬಲ್ಲವರೇ ಬಲ್ಲರು. ತನ್ನ ಹೇರ್ ಡ್ರೈಯರ್ ಎಲ್ಲಿ ಎಂದು ಮಗಳು ಕೂಗುತ್ತಾಳೆ, ಪತಿ ಮರೆತ ಟಿಫಿನ್ ಡಬ್ಬಿ ಹಿಡಿದು ಅನುಮಾನದಕ್ಕ ಬೀದಿಯ ತಿರುವಿನವರೆಗೆ ಓಡುತ್ತಾರೆ, ವಾಪಸು ಬಂದವರು ಒಳಕೋಣೆಯಲ್ಲಿ ಪ್ಯಾಚಿನ ಮುದ್ರಿತ ಹಾಳೆಗಳನ್ನು ಹರವಿಕೊಂಡು ಅದರಲ್ಲೇ ಮುಳುಗುತ್ತಾರೆ. ಫ್ರೀಜರಿನಲ್ಲಿ ಬೋರ್ಡು ಇದೆ ಎನ್ನುವುದು ತಲೆಯಿಂದ ಹಾರಿಹೋಗುತ್ತದೆ.

ಇವರ ಓದುವ ರೀತಿಯೇ ಬೇರೆ. ಪ್ಯಾಚಿನಲ್ಲಿ ಹೊಸದಾಗಿ ಸೇರಿಸಿದ ಸಾಲುಗಳೂ ಇರುತ್ತವೆ, ಅಳಿಸಿದ ಸಾಲುಗಳೂ ಇರುತ್ತವೆ. ಎಲ್ಲರೂ ಹೊಸದನ್ನು ಓದುತ್ತಾರೆ. ಇವರು ಮೊದಲು ಓದುವುದು ಅಳಿಸಿದ್ದನ್ನು, ಅದೂ ಗಟ್ಟಿಯಾಗಿ. "ಬಂದೋರು ಯಾರು ಅಂತ ಎಲ್ಲರಿಗೂ ಗೊತ್ತಾಗುತ್ತೆ. ಹೋದೋರು ಏನು ಕೆಲಸ ಮಾಡ್ತಿದ್ರು ಅಂತ ಯಾರೂ ಕೇಳಲ್ಲ. ಕೊಳಕಾಗಿ ಕಾಣೋ ಸಾಲಲ್ಲೂ ಯಾರದೋ ಒಂದು ಪೆಟ್ಟಿನ ನೆನಪಿರುತ್ತೆ" ಎನ್ನುತ್ತಾರೆ. ಅಳಿಸಿದ ಸಾಲುಗಳಲ್ಲಿ ಒಂದರ ಹತ್ತಿರ ಅವರ ನಾಲಿಗೆ ಪ್ರತಿ ಸಲವೂ ತಡವರಿಸುತ್ತಿದೆ. ಯಾಕೆ ಎನ್ನುವುದು ಮಾತ್ರ ಹೊಳೆಯುತ್ತಿಲ್ಲ.

ಇದನ್ನೆಲ್ಲ ಇವರಿಗೆ ಯಾರೂ ಕೂರಿಸಿ ಕಲಿಸಿದ್ದಲ್ಲ. ಎಲೆಕ್ಟ್ರಾನಿಕ್ಸ್ ಡಿಪ್ಲೊಮಾ ಮುಗಿಸಿ ಮೊದಲು ಸೇರಿದ್ದು ಒಂದು ರಿಪೇರಿ ಅಂಗಡಿಗೆ. ಬರುತ್ತಿದ್ದ ಕಂಪ್ಯೂಟರ್ ಪೆಟ್ಟಿಗೆಗಳಲ್ಲಿ ಅರ್ಧಕ್ಕರ್ಧ ಬಿಸಿಗೆ ಬೆಂದು ಸತ್ತವು. ಮೂಗಿನಿಂದಲೇ ಹೇಳುತ್ತಿದ್ದರಂತೆ, ಇದು ಸುಟ್ಟದ್ದು, ಇದು ಸುಡುತ್ತಾ ಇರುವುದು ಎಂದು. ಫ್ಯಾನು ಸರಿಯಿದ್ದೂ ಯಾಕೆ ಸುಡುತ್ತದೆ ಎಂದು ಹುಡುಕುತ್ತಾ ಹೋದವರು ಡ್ರೈವರಿನ ಬಾಗಿಲಿಗೆ ಬಂದು ಬಿದ್ದರು. ಮೊದಲು ಕಳಿಸಿದ ಪ್ಯಾಚು ಒಂದು ಕಾಗುಣಿತ ತಿದ್ದುಪಡಿ. ಆಮೇಲೆ ತಿಳಿಯಿತು, ಬರೆಯುವವರಿಗೆ ಇಲ್ಲಿ ಬರವಿಲ್ಲ, ಓದುವವರಿಗೇ ಬರ. ಈಗ ಹಗಲು ತೂಕದ ಯಂತ್ರ ತಯಾರಿಸುವ ಕಾರ್ಖಾನೆಯಲ್ಲಿ ನೌಕರಿ, ಬೆಳಗಿನ ಹೊತ್ತು ಈ ಓದು. ವಾರಕ್ಕೆ ಮೂವತ್ತು ನಲವತ್ತು ಪ್ಯಾಚು ಕಣ್ಣ ಮುಂದೆ ಹಾದುಹೋಗುತ್ತವೆ. "ಬರೆದವರಿಗೆ ಹೆಸರು, ಓದಿದವರಿಗೆ ಹಗೆ. ಎಷ್ಟೋ ಜನ ನನ್ನ ಹತ್ರ ಮಾತು ಬಿಟ್ಟಿದಾರೆ. ಏನ್ ಮಾಡೋದು, ಸುಮ್ನೆ ಹೂಂ ಅನ್ನೋಕೆ ನಂಗೆ ಬರಲ್ಲ."

ಕಾರ್ಖಾನೆಗೆ ಹೊರಡುವ ಹೊತ್ತಾಗುತ್ತದೆ. ಲ್ಯಾಪ್‌ಟಾಪ್ ಮುಚ್ಚಲು ಅಡುಗೆಮನೆಗೆ ಬಂದವರು ಪರದೆ ನೋಡಿ ನಿಂತುಬಿಡುತ್ತಾರೆ. ಬೋರ್ಡು ತನ್ನ ಕೊನೆಯ ಮಾತು ಬರೆದು ಆರಿಹೋಗಿದೆ: ಸೆನ್ಸರ್ ಓದಲು ಆಗುತ್ತಿಲ್ಲ, ಸುರಕ್ಷತೆಗಾಗಿ ಯಂತ್ರ ಬಂದ್ ಮಾಡುತ್ತಿದ್ದೇನೆ.

ಮೊದಲು ಸಿಟ್ಟು ಬರುವುದು ಅತ್ತೆಯ ಮೇಲೆ. "ಅತ್ತೆ, ಈ ವೈರ್ ಎಳೆದ್ರಾ?"

"ನಾನ್ಯಾಕೆ ಎಳೀಲಿ?"

"ಎಳೀದೇ ಇದ್ರೆ ಸೆನ್ಸರ್ ಯಾಕೆ ಸಿಗ್ತಿಲ್ಲ? ಬಟಾಣಿ ತೆಗೆಯೋಕೆ ಹೋಗಿ ಕೈ ತಾಗಿರ್ಬೇಕು."

ಅತ್ತೆ ಕೈಯಲ್ಲಿದ್ದ ಚಾಕು ಕೆಳಗಿಡುತ್ತಾರೆ. "ನೋಡೇ, ಬೈಯ್ಯೋದಿದ್ರೆ ಎದುರಿಗೆ ಬೈತೀನಿ. ಕದ್ದು ವೈರ್ ಎಳೆಯೋ ಬುದ್ಧಿ ನಂದಲ್ಲ. ನೀನು ಹೋದ್ಮೇಲೆ ಆ ಬಾಗಿಲನ್ನೇ ತೆಗ್ದಿಲ್ಲ. ನಿನ್ ಅನುಮಾನ ಎಲ್ಲರ ಮೇಲೂ ಆಯ್ತು, ಈಗ ನನ್ ಮೇಲೂ."

ಆ ಮಾತು ನಾಟುತ್ತದೆ. ಅತ್ತೆಗೆ ನೂರು ದೂರು ಇರಬಹುದು, ಸುಳ್ಳು ಹೇಳುವ ಹೆಂಗಸಲ್ಲ. ಹಾಗಿದ್ದರೆ ವೈರನ್ನು ಯಾರೂ ಮುಟ್ಟಿಲ್ಲ. ಸೆನ್ಸರು ಇದ್ದಲ್ಲೇ ಇದೆ. ಮತ್ತೆ ಓದಲು ಆಗಲಿಲ್ಲ ಎಂದರೇನು? ಅನುಮಾನದಕ್ಕ ಕುರ್ಚಿಯ ಅಂಚಿಗೆ ಕೂರುತ್ತಾರೆ. ಕಸಬರಿಗೆ ಗುಡಿಸುವುದಕ್ಕೆ ಮೊದಲಿದ್ದ ಹಳೆಯ ಕೋಡನ್ನು ಬೋರ್ಡಿಗೆ ತುಂಬಿ ಮತ್ತೆ ಫ್ರೀಜರಿಗೆ ಸೇರಿಸುತ್ತಾರೆ. ಕಾರ್ಖಾನೆಗೆ ಫೋನ್ ಮಾಡಿ ತಡವಾಗುತ್ತದೆ ಎನ್ನುತ್ತಾರೆ. ಅಂಕಿ ಇಳಿಯುತ್ತದೆ. ಹತ್ತು, ಐದು, ಎರಡು, ಸೊನ್ನೆ. ಆಮೇಲೆ ಮೈನಸ್ ಒಂದು, ಮೈನಸ್ ಮೂರು. ಬೋರ್ಡು ಆರುವುದಿಲ್ಲ. ಹಳೆಯ ಕೋಡು ಚಳಿಯನ್ನು ಚಳಿ ಎಂದೇ ಓದುತ್ತಿದೆ.

ಹೊಸದನ್ನು ತುಂಬಿ ಇನ್ನೊಮ್ಮೆ ಇಡುತ್ತಾರೆ. ಸೊನ್ನೆ ದಾಟಿ ಕೆಳಗಿಳಿದದ್ದೇ ತಡ, ಓದಲು ಆಗುತ್ತಿಲ್ಲ ಎಂದು ಹೇಳಿ ಯಂತ್ರ ಬಂದ್.

ಈಗ ನಾಲಿಗೆ ತಡವರಿಸುತ್ತಿದ್ದ ಸಾಲು ಅರ್ಥವಾಗುತ್ತದೆ. ಹಳೆಯ ಕೋಡು ಎರಡು ಉತ್ತರವನ್ನು ಎರಡು ಕಡೆ ಇಡುತ್ತಿತ್ತು. ಓದಲು ಆಯಿತೋ ಇಲ್ಲವೋ ಎನ್ನುವುದು ಒಂದು ಕಡೆ, ಎಷ್ಟು ಡಿಗ್ರಿ ಎನ್ನುವುದು ಇನ್ನೊಂದು ಕಡೆ. ಕಸಬರಿಗೆ ಎರಡನ್ನೂ ಒಂದೇ ಡಬ್ಬಿಗೆ ಸುರಿದಿದ್ದಾರೆ. ಬಂದ ಅಂಕಿ ಪ್ಲಸ್ ಆದರೆ ಅದು ಡಿಗ್ರಿ, ಮೈನಸ್ ಆದರೆ ಸೆನ್ಸರ್ ಕೆಟ್ಟಿದೆ ಎಂದರ್ಥ. ಈ ಕಸುಬಿನಲ್ಲಿ ಅದು ಎಷ್ಟು ಹಳೆಯ ರೂಢಿಯೆಂದರೆ, ಪ್ರೋಗ್ರಾಂ ಮೈನಸ್ ಉತ್ತರ ಕೊಟ್ಟರೆ ಕೆಲಸ ಕೈಕೊಟ್ಟಿದೆ ಎಂದೇ ಎಲ್ಲರ ಕಣ್ಣೂ ಓದುತ್ತದೆ. ತಾಪಮಾನವೇ ಮೈನಸ್ ಆಗಬಹುದು ಎಂದು ಯಾರಿಗೂ ತೋಚಲಿಲ್ಲ. ಪರೀಕ್ಷೆ ಮಾಡಿದವರೆಲ್ಲ ಕಾಯಿಸಿಯೇ ನೋಡಿದ್ದರು. ಬಿಸಿಯಿಂದ ಕಾಪಾಡುವ ಕೋಡಲ್ಲವೇ? ತಣ್ಣಗೆ ಮಾಡಿ ನೋಡುವ ಪ್ರಮೇಯವೇ ಬಂದಿರಲಿಲ್ಲ.

"ನಾನೂ ಅಷ್ಟೇ. ಭಾರೀ ಜಾಣೆ ಅಂತ ಅಂದ್ಕೋಬೇಡಿ. ಫ್ರೀಜರಲ್ಲಿಟ್ಟಿದ್ದು ಪರೀಕ್ಷೆ ಮಾಡೋಕಲ್ಲ, ನಂಗೆ ತಡೆಯೋಕಾಗದೆ" ಎನ್ನುತ್ತಾರೆ. ಬಾಗಿಲ ಹತ್ತಿರ ನಿಂತು ಕೇಳುತ್ತಿದ್ದ ಅತ್ತೆಗೂ ವಿಷಯ ಹೇಳುತ್ತಾರೆ. ಯಂತ್ರಕ್ಕೆ ಚಳಿಯಾದರೆ ಅದು ತನಗೇನೋ ರೋಗ ಬಂತೆಂದು ತಾನೇ ಪ್ರಾಣ ಬಿಡುತ್ತದೆ.

"ನೆಗಡಿ ಬಂತು ಅಂತ ಮೂಗು ಕೊಯ್ದುಕೊಂಡ ಹಾಗಾಯ್ತು" ಎನ್ನುತ್ತಾರೆ ಅತ್ತೆ, ಇನ್ನೂ ಮುಖ ಸಡಿಲಿಸದೆ. ಸೊಸೆ ತಪ್ಪಾಯಿತು ಎನ್ನುತ್ತಾರೆ. ಅತ್ತೆ ಚಾಕು ಎತ್ತಿಕೊಂಡು ತಮ್ಮ ಕೆಲಸಕ್ಕೆ ತಿರುಗುತ್ತಾರೆ.

ಅನುಮಾನದಕ್ಕ ಕಂಡದ್ದನ್ನು ಕಂಡ ಹಾಗೆ ಬರೆದು ಬಳಗಕ್ಕೆ ಕಳಿಸಿ ಕಾರ್ಖಾನೆಗೆ ಓಡುತ್ತಾರೆ. ಗೆದ್ದೆ ಎಂದುಕೊಂಡಿದ್ದರು. ಆದರೆ ಮಧ್ಯಾಹ್ನ ಬಂದ ಉತ್ತರ ಬೇರೆ. ಕಂಪ್ಯೂಟರನ್ನು ಫ್ರೀಜರಿನಲ್ಲಿ ಇಡುವವರು ಯಾರು ಎಂದು ಕಸಬರಿಗೆ ಕೇಳಿದ್ದಾರೆ. ಕೊಂಕು ಬೇರೆ: ಹೆಪ್ಪುಗಟ್ಟಿದ ಬಟಾಣಿಗೆ ಆಪರೇಟಿಂಗ್ ಸಿಸ್ಟಂ ಬೇಕಾಗಿರುವುದು ತಮಗೆ ಗೊತ್ತಿರಲಿಲ್ಲವಂತೆ. ನಾಲ್ಕು ಜನ ನಕ್ಕಿದ್ದಾರೆ. ಯಜಮಾನರೂ ಪೂರ್ತಿ ಒಪ್ಪಿಲ್ಲ. ಇದು ನಿಜವಾಗಿ ಯಾರಿಗಾದರೂ ತೊಂದರೆ ಕೊಡುತ್ತದೆಯೇ, ಇಲ್ಲ ಅಡುಗೆಮನೆಯ ತಮಾಷೆಯೇ? ಸಂಜೆಯವರೆಗೆ ನೋಡೋಣ.

ಕಾರ್ಖಾನೆಯಲ್ಲಿ ಆ ಮಧ್ಯಾಹ್ನ ಅನುಮಾನದಕ್ಕನ ಮೈ ಇಲ್ಲಿ, ಮನಸ್ಸು ಅಲ್ಲಿ. ತಯಾರಾದ ತಕ್ಕಡಿಗಳ ಮೇಲೆ ಐದು ಕಿಲೋ ಕಲ್ಲಿಟ್ಟು ಸರಿ ತೋರಿಸುತ್ತದೆಯೇ ಎಂದು ನೋಡುವುದು ಅವರ ಕೆಲಸ. ಒಂದೇ ತಕ್ಕಡಿಗೆ ಎರಡೆರಡು ಸಲ ಇಡುತ್ತಾರೆ. ಫೋನ್ ತೆಗೆಯುತ್ತಾರೆ, ಇಡುತ್ತಾರೆ. ನೀರು ಕುಡಿಯಲು ಹೋಗಿ ಕುಡಿಯದೆ ಬರುತ್ತಾರೆ. ಸಾಕ್ಷಿ ಕೇಳಿದರು, ಸಾಕ್ಷಿ ಕೊಟ್ಟಾಯಿತು, ಈಗ ಸಾಕ್ಷಿಯೇ ನಗೆಪಾಟಲು. ಬಿಸಿಲು ಕಿಟಕಿಯಿಂದ ಗೋಡೆಗೆ ಸರಿಯುತ್ತದೆ, ಗೋಡೆಯಿಂದ ಸೂರಿಗೆ. ಇವರಿಗೆ ಅಳು ಬರುವಷ್ಟು ಸಿಟ್ಟು ಬಂದಿದೆ.

ಉತ್ತರ ಬಂದದ್ದು ಯಾರೂ ನಿರೀಕ್ಷಿಸದ ಕಡೆಯಿಂದ. ಬಳಗದಲ್ಲಿ ಎಂದೂ ಬಾಯಿ ತೆರೆಯದೆ ಬರೀ ಓದುತ್ತಿದ್ದ ಒಬ್ಬರು, ಹಿಮ ಬೀಳುವ ಸೀಮೆಯ ರೈಲ್ವೆ ಗೇಟುಗಳ ದುರಸ್ತಿಗಾರ, ಮೂರೇ ಸಾಲು ಬರೆದಿದ್ದಾರೆ: ನಮ್ಮ ಗೇಟಿನ ಕೆಂಪು ದೀಪ ನಡೆಸುವ ಪೆಟ್ಟಿಗೆಯಲ್ಲಿ ಇದೇ ಡ್ರೈವರ್ ಇದೆ. ಪೆಟ್ಟಿಗೆ ಬಯಲಿನಲ್ಲಿ ನಿಂತಿರುತ್ತದೆ, ಚಳಿಗಾಲವಿಡೀ ಆ ಹೆಂಗಸಿನ ಫ್ರೀಜರಿಗಿಂತ ತಣ್ಣಗಿರುತ್ತದೆ. ದೀಪ ಆರಿದರೆ ರೈಲು ಬರುವುದು ಗಾಡಿಯವರಿಗೆ ಗೊತ್ತಾಗುವುದಿಲ್ಲ.

ಆಮೇಲೆ ಯಾರೂ ನಗಲಿಲ್ಲ. ಯಜಮಾನರು ಪ್ಯಾಚು ವಾಪಸು ಕಳಿಸಿದರು. ಅನುಮಾನದಕ್ಕ ನೋಡದೆ ಮುಂದೆ ಇದು ಒಳಗೆ ಬರುವುದಿಲ್ಲ ಎಂದು ಒಂದು ಸಾಲು ಸೇರಿಸಿದರು. ಕಸಬರಿಗೆಯವರ ದೊಡ್ಡತನವನ್ನೂ ಹೇಳಬೇಕು. ಕತ್ತಲಾಗುವ ಮೊದಲೇ ಎರಡು ಉತ್ತರಕ್ಕೂ ಎರಡು ಜಾಗ ಮಾಡಿ ಹೊಸದಾಗಿ ಬರೆದು ಕಳಿಸಿದ್ದಾರೆ, ಜೊತೆಗೆ ಒಂದು ಮಾತು: ಬಿಸಿಗೆ ಹೆದರಿ ಹೆದರಿ ಚಳಿಯನ್ನೇ ಮರೆತಿದ್ದೆವು, ನಿಮ್ಮ ಬಟಾಣಿಗೆ ನನ್ನ ನಮಸ್ಕಾರ ಹೇಳಿ.

ಆಸೆ ಏನಾದರೂ ಇದೆಯೇ ಎಂದು ಕೇಳಿದರೆ ಅನುಮಾನದಕ್ಕ ಮನೆಯ ಗೇಟಿನ ಹತ್ತಿರ ಚಪ್ಪಲಿ ಬಿಡುತ್ತಾ ತುಸು ಯೋಚಿಸುತ್ತಾರೆ. "ದೊಡ್ಡದೇನಿಲ್ಲ. ಒಂದು ಹಳೇ ಫ್ರಿಜ್ಜು ಸಿಕ್ಕಿದ್ರೆ ಹಿತ್ತಲಲ್ಲಿ ಇಟ್ಕೋತೀನಿ. ದಿನಾ ಅತ್ತೆ ಹತ್ರ ಬೈಸ್ಕೊಳ್ಳೋದು ತಪ್ಪುತ್ತೆ."

ತಿದ್ದಿದ ಪ್ಯಾಚನ್ನು ಇವತ್ತೇ ಚಳಿಗೆ ಒಡ್ಡಬೇಕು, ನಾಳೆಯವರೆಗೆ ತಡೆಯಲು ಆದೀತೇ? ಬೋರ್ಡು ಹಿಡಿದು, ಅತ್ತೆ ಏನೆನ್ನುತ್ತಾರೋ ಎಂದು ಅಳುಕುತ್ತಲೇ ಫ್ರೀಜರ್ ತೆಗೆಯುತ್ತಾರೆ. ಮೇಲಿನ ಖಾನೆ ಖಾಲಿಯಾಗಿದೆ. ಬಟಾಣಿ, ಬ್ರೆಡ್ಡು, ಐಸಿನ ತಟ್ಟೆ ಎಲ್ಲವೂ ಕೆಳಗಿನ ಖಾನೆಗೆ ಇಳಿದಿವೆ. ಮೇಲೆ ಒಂದು ಮಡಿಸಿದ ಒಣ ಬಟ್ಟೆ ಹಾಸಿದೆ.

ನಡುಮನೆಯಲ್ಲಿ ಅತ್ತೆ ತಂಗಿಯ ಜೊತೆ ಫೋನಿನಲ್ಲಿದ್ದಾರೆ. ಆ ಕಡೆಯಿಂದ ಸೊಸೆಯ ವಿಚಾರ ಬಂದಿರಬೇಕು.

"ಅದೇ ಕಣೇ, ಮೊಸರಲ್ಲಿ ಕಲ್ಲು ಹುಡುಕೋದು" ಎನ್ನುತ್ತಾರೆ ಅತ್ತೆ. ಒಂದು ಕ್ಷಣ ಬಿಟ್ಟು, ಧ್ವನಿ ತಗ್ಗಿಸದೆ, ಅಡುಗೆಮನೆಗೂ ಕೇಳುವ ಹಾಗೆ ಹೇಳುತ್ತಾರೆ. "ಎಲ್ಲರೂ ನಗ್ತಾರೆ. ಆದ್ರೆ ಇವಳಿಗೆ ಸಿಗುತ್ತೆ ಕಣೇ."